ನೀರ ಬಿಟ್ಟಾರೇನ್ರಿ?

ಗೋಕಾಕ ಫಾಲ್ಸಿಗೆ ಬರುವವರಲ್ಲಿ ಫೋಟೊ ತೆಗೆಯುವವರಿದ್ದಾರೆ, ಫೋಟೊಕ್ಕೆ ನಿಲ್ಲುವವರಿದ್ದಾರೆ. ಈ ಎರಡೂ ಗುಂಪಿಗೆ ಸೇರದ ಒಬ್ಬ ಕಾಕಾನೂ ಇರುತ್ತಾರೆ. ಮೂಡಲಗಿ ಕಡೆಯ ಕಬ್ಬಿನವರು. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್, ಜೀಪಿನ ತುಂಬ ಬೀಗರು. 52 ಮೀಟರ್ ಆಳಕ್ಕೆ ಧುಮುಕುವ ಘಟಪ್ರಭೆಯನ್ನು ಬೀಗರು ಬಾಯಿ ತೆರೆದು ನೋಡುತ್ತಿದ್ದರೆ, ಇವರು ಅದಕ್ಕೆ ಬೆನ್ನು ಮಾಡಿ ಚುರುಮುರಿಯವನನ್ನು ವಿಚಾರಿಸುತ್ತಾರೆ: ‘ಹಿಡಕಲ್‌ದಾಗ ನೀರ ಬಿಟ್ಟಾರೇನೊ ತಮ್ಮಾ?’ ಆಮೇಲೆ ಬೀಗರ ಕಡೆ ತಿರುಗಿ, ‘ಇದೇನ್ ನೋಡ್ತೀರಿ, ಹೋದ ಶ್ರಾವಣದಾಗ ಬರಬೇಕಿತ್ರಿ’ ಎಂದು ಅವರ ಖುಷಿಯನ್ನು ಅರ್ಧಕ್ಕೆ ಇಳಿಸುತ್ತಾರೆ.

ರಸಿಕತೆ ಇಲ್ಲದ ಮನುಷ್ಯ ಎಂದು ನಗುವುದು ಸುಲಭ. ನನ್ನ ವಾದವೇನೆಂದರೆ, ಅಲ್ಲಿ ನಿಂತವರ ಪೈಕಿ ನದಿಯನ್ನು ನಿಜಕ್ಕೂ ನೋಡುತ್ತಿರುವವರು ಇವರೊಬ್ಬರೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆಯಲ್ಲಿ ನಿಂತ ನೀರು ಧೂಪದಾಳದ ಒಡ್ಡಿಗೆ ಬಂದು, ಅಲ್ಲಿಂದ ಎಡದಂಡೆ ಕಾಲುವೆಗೆ ಹೊರಳುತ್ತದೆ. ಉಳಿದದ್ದು ಫಾಲ್ಸಿನ ಪಾಲು. ಮಳೆಗಾಲ ಮುಗಿದ ಮೇಲೆ ನಾವು ಪ್ರಕೃತಿಯ ವೈಭವ ಎಂದು ಹೊಗಳುವುದು ಕಾಲುವೆಗೆ ಹೋಗಿ ಮಿಕ್ಕ ನೀರನ್ನು. 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮವೂ ಅದೇ ಒಡ್ಡಿನ ಹಿನ್ನೀರಿನದು. ಹಾಗಿರುವಾಗ ಜಲಪಾತದ ಎದುರು ಗೇಟಿನ ಸುದ್ದಿ ಕೇಳುವುದು ಅರಸಿಕತೆ ಹೇಗಾದೀತು? ಮೂಲವನ್ನೇ ಹಿಡಿದು ಕೇಳಿದ ಪ್ರಶ್ನೆ ಅದು.

‘ಕಾಕಾ ಹೇಳುವುದೆಲ್ಲ ತಪ್ಪಲ್ಲವೆ?’ ಎನ್ನಬಹುದು. ಕಲ್ಲಿನ ವಿಷಯದಲ್ಲಿ ಹೌದು. ಒಮ್ಮೆ ಯಾಣಕ್ಕೆ ಹೋಗಿಬಂದ ಧೈರ್ಯದಲ್ಲಿ ‘ಅದೂ ಇದೂ ಒಂದ ಕಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಯಾಣದ್ದು ಸುಣ್ಣದ ಕಲ್ಲು. ಮಳೆನೀರಿನ ಹುಳಿಗೆ ಸಕ್ಕರೆಯಂತೆ ಕರಗುತ್ತ ಕರಗುತ್ತ 120 ಮೀಟರಿನ ಭೈರವೇಶ್ವರ ಶಿಖರವಾಗಿ ಉಳಿದಿದೆ. ಗೋಕಾಕದ್ದು ಮರಳುಗಲ್ಲು, ನೀರು ಅದನ್ನು ಕರಗಿಸಲಾರದು, ಬಿರುಕಿನಲ್ಲಿ ಹೊಕ್ಕು ಚಪ್ಪಡಿ ಚಪ್ಪಡಿಯಾಗಿ ಕೆಡವುತ್ತದೆ. ಇದನ್ನು ಯಾರಾದರೂ ವಿವರಿಸಿದರೆ ಕಾಕಾ ಸಮಾಧಾನದಿಂದ ಕೇಳಿ, ‘ಅದ ನಾ ಹೇಳಿದ್ದು’ ಎನ್ನುತ್ತಾರೆ. ಕರದಂಟಿನ ಖಾಲಿ ಡಬ್ಬಿಯನ್ನು ಬಂಡೆಯ ಸಂದಿಗೆ ತುರುಕುವುದಕ್ಕೆ ಮಾತ್ರ ನಾನು ಅವರ ಪರ ವಕಾಲತ್ತು ವಹಿಸಲಾರೆ.

ಹಕ್ಕಿಗಳ ಹೆಸರು ಗೊತ್ತಿಲ್ಲ ಎಂಬ ಆಕ್ಷೇಪವೂ ಇದೆ. ಉದ್ದ ಕಾಲಿನದೆಲ್ಲ ಅವರಿಗೆ ಕೊಕ್ಕರೆ. ಆದರೆ ಚಳಿಗಾಲದಲ್ಲಿ ಕಡಲೊಂದು ದಾಟಿ ಬಂದವರಂತೆ ದಣಿದು ಇಳಿಯುವ ಕರ್ಕರೆ ಹಿಂಡನ್ನು ಕಂಡಾಗ ಪುಸ್ತಕ ಓದಿದವರು ಬೈನಾಕ್ಯುಲರ್ ಸರಿಪಡಿಸಿಕೊಂಡು ಹೆಸರು ಹುಡುಕುತ್ತಾರೆ. ಅದು ಯಾವ ತಿಂಗಳು ಬರುತ್ತದೆ, ಎಲ್ಲಿ ಮೇಯುತ್ತದೆ, ಯಾವಾಗ ನೀರಿಗೆ ಮರಳುತ್ತದೆ ಎಂಬುದು ಕಾಕಾಗೆ ಬಾಯಿಪಾಠ. ಜೀಪು ನಿಲ್ಲಿಸಿ, ಬೀಗರಿಗೆ ಬೆರಳು ಮಾಡಿ ತೋರಿಸುತ್ತಾರೆ: ‘ನೋಡ್ರಿ, ನಮ್ಮ ಕಡ್ಲಿ ತಿನ್ನೂ ಮಂದಿ.’