ಬ್ರೆಡ್‌ಬೋರ್ಡ್ ಮೀಮಾಂಸೆ: ಪ್ರಥಮ ಪ್ರಯೋಗ ಖಂಡ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲು ಅನುಬಂಧ ಚತುಷ್ಟಯ ಹೇಳಬೇಕು: ವಿಷಯವೇನು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಇಲ್ಲಿ ವಿಷಯ, ಮನೆಯಲ್ಲಿ ಹವ್ಯಾಸಕ್ಕೆ ಕಟ್ಟುವ ಸರ್ಕ್ಯೂಟಿನ ಮೊದಲ ಮಾದರಿ. ಪ್ರಯೋಜನವೇನೆಂದು ಮನೆಯವರೂ ಕೇಳುತ್ತಲೇ ಇದ್ದಾರೆ. ಸಂಬಂಧ ಸ್ವಲ್ಪ ಲೂಸ್ ಇದೆ. ಇನ್ನು ಅಧಿಕಾರಿ: ಎಡಗೈ ತೋರುಬೆರಳಲ್ಲಿ ಸಾಲ್ಡರಿಂಗ್ ಐರನ್ನಿನ ಒಂದು ಸುಟ್ಟ ಕಲೆಯಾದರೂ ಇರುವವನು, ಊಟದ ಟೇಬಲ್ಲಿನ ಮೂಲೆ ಹಿಡಿದು ತಿಂಗಳಾದರೂ ಬಿಡದವನು, ‘ಇಂಥದ್ದೇ ಅಂಗಡೀಲಿ ಕಡಿಮೆಗೆ ಸಿಗುತ್ತಲ್ಲೋ’ ಎಂಬ ಮಾತು ಕಿವಿಗೆ ಬಿದ್ದರೂ ಕೇಳಿಸದವನು. ಮಿಕ್ಕವರು ಪುಟ ತಿರುಗಿಸಬಹುದು.

ಮೊದಲು ಪೀಠವಿಚಾರ. ಬ್ರೆಡ್‌ಬೋರ್ಡ್ ಎಂಬ ಪದದ ವ್ಯುತ್ಪತ್ತಿಯಲ್ಲಿ ವಿವಾದವಿಲ್ಲ. ರೇಡಿಯೊ ಹೊಸದಾಗಿದ್ದ ಕಾಲದಲ್ಲಿ ಅಮೆರಿಕದ ಹವ್ಯಾಸಿಗಳು ಅಡುಗೆಮನೆಯಿಂದ ಬ್ರೆಡ್ ಕೊಯ್ಯುವ ಹಲಗೆ ಎತ್ತಿಕೊಂಡು ಬಂದು, ಅದಕ್ಕೆ ಮೊಳೆ ಹೊಡೆದು, ತಂತಿ ಸುತ್ತಿ ರೇಡಿಯೊ ಕಟ್ಟುತ್ತಿದ್ದರು. ಅದೇ ಕೆಲಸ ನಮ್ಮಲ್ಲಿ ಶುರುವಾಗಿದ್ದರೆ ಪೀಠಕ್ಕೆ ಈಳಿಗೆಮಣೆ ಎಂದು ಹೆಸರಾಗಿ, ಶಾಸ್ತ್ರ ಬೆಳೆದಂತೆಲ್ಲ ಶಾಸ್ತ್ರಜ್ಞರ ಬೆರಳು ಕಡಿಮೆಯಾಗುತ್ತಿದ್ದವು. ಈಗಿನದು ಬಿಳಿ ಪ್ಲಾಸ್ಟಿಕ್ಕಿನದು. ತೂತಿಗೂ ತೂತಿಗೂ 2.54 ಮಿಲಿಮೀಟರ್ ಅಂತರ. ಎಲ್ಲರ ಮನೆಯಲ್ಲೂ ಕಾಣುವ ಉದ್ದನೆಯದರಲ್ಲಿ 830 ತೂತು. 829 ಗಟ್ಟಿಯಾಗಿ ಹಿಡಿಯುತ್ತವೆ, ನಿಮ್ಮ ತಂತಿ ಹೋಗುವುದು ಉಳಿದ ಒಂದಕ್ಕೆ. ಇದು ಪ್ರಥಮ ಸೂತ್ರ.

ದೃಷ್ಟಾಂತವಿಲ್ಲದೆ ಸೂತ್ರ ನಿಲ್ಲದು. ಕಳೆದ ಚೌತಿಗೆ ಗಣಪತಿಯ ಮಂಟಪಕ್ಕೆ ಹತ್ತು ಎಲ್‌ಇಡಿಗಳ ಓಡುವ ದೀಪ ಕಟ್ಟುವ ಸಂಕಲ್ಪ ಮಾಡಿದೆ. ಇದಕ್ಕೆ ಬೇಕಾದ್ದು ಎರಡು ಐಸಿ: ತಾಳ ಹಾಕಲು 555, ತಾಳಕ್ಕೆ ಹೆಜ್ಜೆ ಇಡಲು 4017. ಇವುಗಳಲ್ಲಿ 555 ಆರ್ಷಗ್ರಂಥ. 1971ರಲ್ಲಿ ಹಾನ್ಸ್ ಕ್ಯಾಮೆನ್‌ಝಿಂಡ್ ಎಂಬಾತ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ್ದು, 1972ರಲ್ಲಿ ಮಾರುಕಟ್ಟೆಗೆ ಬಂದದ್ದು. ಒಳಗೆ 5 ಕಿಲೋಓಮಿನ ಮೂರು ರೆಸಿಸ್ಟರ್ ಇರುವುದರಿಂದ ಈ ಹೆಸರು ಎಂಬುದು ಪೂರ್ವಪಕ್ಷ. ಹಾಗೇನಿಲ್ಲ, ಸುಮ್ಮನೆ ಇಟ್ಟ ಸಂಖ್ಯೆ ಎಂದು ಕರ್ತೃವೇ ಹೇಳಿಹೋಗಿದ್ದಾನೆ. ಪೂರ್ವಪಕ್ಷದವರು ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ. ಕರ್ತೃವಿಗಿಂತ ಭಾಷ್ಯಕಾರನಿಗೆ ಹೆಚ್ಚು ಗೊತ್ತಿರುವುದು ನಮ್ಮ ಕಡೆ ಹೊಸ ಸಂಗತಿಯಲ್ಲ.

ದ್ರವ್ಯಸಂಗ್ರಹಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆಳುದ್ದದ ಅಂಗಡಿ, ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿ.

“ಫೋರ್ಟಿ ಸೆವೆಂಟೀನ್ ಕೊಡಿ.”

“ಎಷ್ಟು ಸಾರ್?”

“ಒಂದು.”

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. “ಮೊದಲನೇ ಸಲಾನಾ? ಮೂರು ತಗೊಳ್ಳಿ.”

ಇದು ವ್ಯಾಪಾರಿಯ ವಚನ, ಪ್ರಮಾಣವಲ್ಲ ಎಂದು ತೀರ್ಮಾನಿಸಿ ಒಂದನ್ನೇ ತಂದೆ.

ಜೋಡಿಸಿ ಬ್ಯಾಟರಿ ಕೊಟ್ಟಾಗ ಏನೂ ಆಗಲಿಲ್ಲ. ಪ್ರಥಮ ಪ್ರಯೋಗದಲ್ಲಿ ಏನೂ ಆಗದಿರುವುದೇ ಪ್ರಕೃತಿ, ಏನಾದರೂ ಆದರೆ ಅದು ವಿಕೃತಿ. ಇಲ್ಲಿ ಪ್ರಮಾಣಶಾಸ್ತ್ರದ ಅಗತ್ಯ ಬೀಳುತ್ತದೆ. ಪ್ರತ್ಯಕ್ಷ ಪ್ರಮಾಣವೆಂದರೆ ದೀಪ ಹತ್ತುವುದು. ಹತ್ತಲಿಲ್ಲವಾದ್ದರಿಂದ ಅದನ್ನು ಬಿಡೋಣ. ಅನುಮಾನಕ್ಕೆ ಹೊಗೆ ಬೇಕು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಿದ ನೈಯಾಯಿಕರು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರನ್ನು ತಿರುಗಾಮುರುಗಾ ಹಾಕಿದವರಲ್ಲ. ಹಾಕಿದ್ದರೆ ಊಹಿಸುತ್ತ ಕೂರದೆ ಎದ್ದು ಓಡುತ್ತಿದ್ದರು. ಉಳಿದದ್ದು ಶಬ್ದಪ್ರಮಾಣ, ಅಂದರೆ ಮಲ್ಟಿಮೀಟರಿನ ಬೀಪ್. ಎರಡು ಮೊನೆಗಳನ್ನು ಎರಡು ಕಡೆ ಮುಟ್ಟಿಸಿದಾಗ ಬೀಪ್ ಎಂದರೆ ಸಂಪರ್ಕವಿದೆ. ಇದು ಅಪೌರುಷೇಯ, ಸುಳ್ಳು ಹೇಳುವುದಿಲ್ಲ. ಒಂದೂವರೆ ಗಂಟೆ ಶಬ್ದವನ್ನೇ ಉಪಾಸಿಸಿದ ಮೇಲೆ ಗೊತ್ತಾಯಿತು: ನನ್ನ ಬ್ರೆಡ್‌ಬೋರ್ಡಿನ ಅಂಚಿನ ಕೆಂಪು ಗೆರೆ ನಟ್ಟನಡುವೆ ಒಂದು ಕೂದಲೆಳೆಯಷ್ಟು ಕಡಿದಿದೆ. ಗೆರೆ ಕಡಿದಲ್ಲಿ ಒಳಗಿನ ಲೋಹದ ಪಟ್ಟಿಯೂ ಕಡಿದಿರುತ್ತದೆ. ಎಡಗಡೆ ಒಂಬತ್ತು ವೋಲ್ಟ್, ಬಲಗಡೆ ಸೊನ್ನೆ. ಒಂದು ಗೇಣು ತಂತಿಯ ಸೇತುವೆ ಕಟ್ಟಿದೆ.

ಈ ಘಟ್ಟದಲ್ಲಿ ಮತತ್ರಯ ವಿಚಾರವೂ ಬರುತ್ತದೆ. ಪ್ಲಸ್ಸು ಮೈನಸ್ಸು ಬೇರೆ ಬೇರೆ ಎಂಬುದು ಭ್ರಾಂತಿ, ಅವೆರಡೂ ಒಂದೇ ಎಂದು ತೋರಿಸುವ ಶಾರ್ಟ್ ಸರ್ಕ್ಯೂಟ್ ಅದ್ವೈತ. ಎರಡೂ ಎಂದೆಂದಿಗೂ ಕೂಡವು ಎನ್ನುವ ಓಪನ್ ಸರ್ಕ್ಯೂಟ್ ದ್ವೈತ. ಅಲ್ಲಾಡಿಸಿದಾಗ ಮಾತ್ರ ಸೇರುವುದು ಯಾವುದೆಂದು ಹೇಳಿ ಯಾರ ಕೋಪಕ್ಕೂ ಗುರಿಯಾಗಲಾರೆ.

ಈಗ ದೀಪ ಹತ್ತಿತು, ಆದರೆ ಓಡಲಿಲ್ಲ, ನಡುಗಿತು. ಕೈ ಹತ್ತಿರ ತಂದರೆ ಒಂದು ಬಗೆ, ದೂರ ಒಯ್ದರೆ ಇನ್ನೊಂದು ಬಗೆ. ಒಂದು ಕ್ಷಣ ನನಗೆ ಸಿದ್ಧಿಯೇ ಬಂತೇನೋ ಅನ್ನಿಸಿತು. ಕಾರಣ ತ್ರಿಶಂಕು. 4017ರ 13 ಮತ್ತು 15ನೇ ಕಾಲುಗಳನ್ನು ಗ್ರೌಂಡಿಗೆ ಕಟ್ಟಬೇಕು. ನಾನು ಹಾಗೇ ಗಾಳಿಯಲ್ಲಿ ಬಿಟ್ಟಿದ್ದೆ. ಸಿಮೋಸ್ ಜಾತಿಯ ಐಸಿಗಳಲ್ಲಿ ಹೀಗೆ ಸ್ವರ್ಗವೂ ಇಲ್ಲದೆ ಭೂಮಿಯೂ ಇಲ್ಲದೆ ನೇತಾಡುವ ಕಾಲು ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಗುಂಯ್‌ಗುಡುವಿಕೆಗೂ ತಲೆದೂಗುತ್ತದೆ. ಕಟ್ಟಿದೆ. ಓಡಿತು. ಆದರೆ ಕಪ್ಪೆಯಂತೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಎಲ್ಲಿಗೋ ನೆಗೆಯುತ್ತ ಓಡಿತು. ಹತ್ತು ದೀಪಗಳನ್ನು ನಾನು ಐಸಿಯ ಕಾಲುಗಳ ಸಾಲಿನಲ್ಲೇ ಜೋಡಿಸಿದ್ದೆ. 4017 ಎಣಿಸುವ ಕ್ರಮ ಬೇರೆ: 3, 2, 4, 7, 10, 1, 5, 6, 9, 11. ಇದು ಯಾವ ಗಣ, ಯಾವ ಛಂದಸ್ಸು ಎಂದು ಪ್ರಸ್ತಾರ ಹಾಕಿ ನೋಡಿದೆ; ನಮ್ಮ ಯಾವ ಷಟ್ಪದಿಗೂ ಒಗ್ಗದು. ಉರು ಹೊಡೆಯುವುದೊಂದೇ ದಾರಿ.

ಲಯವೂ ಕೆಟ್ಟಿತ್ತು. 47 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇದ್ದರೆ ಎರಡು ಸೆಕೆಂಡಿಗೆ ಮೂರು ಹೆಜ್ಜೆ, ಒಳ್ಳೆ ವಿಳಂಬಿತ. ನನ್ನದು ಸೆಕೆಂಡಿಗೆ ಹದಿನಾಲ್ಕರ ದ್ರುತದಲ್ಲಿತ್ತು. ಹಳದಿ, ನೇರಳೆ, ಕೇಸರಿ ಪಟ್ಟೆಯೆಂದರೆ 47. ಹಳದಿ, ನೇರಳೆ, ಕೆಂಪು ಎಂದರೆ 4.7. ರಾತ್ರಿ ಹನ್ನೊಂದರ ಟ್ಯೂಬ್‌ಲೈಟಿನಲ್ಲಿ ಕುಂಕುಮ ಯಾವುದು, ಕೇಸರಿ ಯಾವುದು? ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗನಿಗೆ ಮಾತ್ರ ಕಂಡಿತು. ಅವನಿನ್ನೂ ಶಾಸ್ತ್ರ ಓದಿರಲಿಲ್ಲ.

ಚೌತಿಯ ಬೆಳಗ್ಗೆ, ಹನ್ನೊಂದು ಸೆಕೆಂಡಿನ ಕಾಲ, ದೀಪ ಸರಿಯಾಗಿ ಓಡಿತು. ಒಂದರಿಂದ ಹತ್ತು, ಮತ್ತೆ ಒಂದು. ನೋಡಿದವನು ನಾನೊಬ್ಬನೇ. “ಅಮ್ಮಾ, ಬಾ ಇಲ್ಲಿ!” ಎಂದು ಕೂಗಿ, ಅಮ್ಮ ಬರುವಷ್ಟರಲ್ಲಿ ಬ್ಯಾಟರಿ ಉಳಿಸೋಣವೆಂದು ಕ್ಲಿಪ್ ಕಿತ್ತೆ. ಮತ್ತೆ ಹಾಕುವಾಗ ಅವಸರದಲ್ಲಿ ಉಲ್ಟಾ ತಗುಲಿತು. ಒಂದು ಕ್ಷಣ, ಅಷ್ಟೆ. ಸದ್ದಿಲ್ಲ, ಹೊಗೆಯಿಲ್ಲ. 4017ರ ಬೆನ್ನು ಮುಟ್ಟಿ ನೋಡಿದೆ: ಕಾವಲಿ.

ಅಮ್ಮ ಮಡಿಯಲ್ಲೇ ಬಂದು ಬಾಗಿಲಲ್ಲಿ ನಿಂತು ನೋಡಿದರು. “ಎಲ್ಲೋ ಓಡ್ತಿದೆ?”

“ಈಗ ತಾನೇ ಓಡ್ತಿತ್ತು ಕಣಮ್ಮ.”

“ಸರಿ, ಆ ಗರಿಕೆ ತಟ್ಟೆ ಈ ಕಡೆ ಕೊಡು” ಎಂದರು. ಮಂಟಪಕ್ಕೆ ಹಿಂದಿನ ದಿನವೇ ಸೀರಿಯಲ್ ಸೆಟ್ ತಂದು ಕಟ್ಟಿಸಿದ್ದರು. ಮೂರು ದಿನವೂ ಅದೇ ಉರಿಯಿತು, ಗಣಪತಿ ಬಿಟ್ಟು ಬಂದ ಮೇಲೂ ಉರಿಯಿತು.

ಓದುಗರಲ್ಲಿ ಯಾರಾದರೂ ಈ ವಾರ ಎಸ್.ಪಿ. ರಸ್ತೆ ಕಡೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ನನಗೆ 4017 ಬೇಕು, ಎರಡು. ನಾನೇ ಹೋಗಬಹುದಿತ್ತು, ಆದರೆ ಆ ಅಂಗಡಿಯವರು ಮುಖ ಗುರುತು ಹಿಡಿಯುತ್ತಾರೆ.