ನಾಲ್ಕು ಗಿಡ, ನಲವತ್ತು ವೈದ್ಯರು

ಮನುಷ್ಯನಿಗೆ ಜ್ವರ ಬಂದರೆ ಸಲಹೆ ಕೊಡುವವರು ಸ್ವಲ್ಪ ಅಂಜುತ್ತಾರೆ. ಹೆಚ್ಚುಕಮ್ಮಿಯಾದರೆ ತಲೆಗೆ ಬರುತ್ತದೆ. ಹಸುವಿಗೆ ಬಂದರೂ, ಎಲ್ಲಿ ಒದೆಯುತ್ತದೋ ಎಂಬ ಭಯವಿರುತ್ತದೆ. ಗಿಡಕ್ಕೆ ಕಾಯಿಲೆಯಾದರೆ ಮಾತ್ರ ಯಾವ ಹಂಗೂ ಇಲ್ಲ. ಅದು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ, ಕೊಟ್ಟ ಫೀಸು ವಾಪಸ್ ಕೇಳುವುದಿಲ್ಲ. ಹೀಗಾಗಿ ಲೋಕದಲ್ಲಿ ಗಿಡಗಳಿಗಿರುವಷ್ಟು ವೈದ್ಯರು ಇನ್ಯಾರಿಗೂ ಇಲ್ಲ. ಅದರಲ್ಲೂ ಆ ಗಿಡ ಗಾಂಜಾ ಆಗಿಬಿಟ್ಟರೆ, ನಾಡಿ ಹಿಡಿಯಲು ಬರುವವರ ಸಾಲು ಬೀದಿಯ ಕೊನೆ ಮುಟ್ಟುತ್ತದೆ.

ಗಾಂಜಾ ಅಂದ ಕೂಡಲೇ ಪತ್ರಿಕೆ ಮಡಿಸಿ ಅಕ್ಕಪಕ್ಕ ನೋಡಬೇಡಿ. ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಇಡೀ ದೇಶಕ್ಕೆ ಅನ್ವಯವಾಗುವಂತೆ ಹೀಗೆ ಮಾಡಿದ್ದರಲ್ಲಿ ಉರುಗ್ವೆ ಮೊದಲನೆಯದು, ಕೆನಡಾ ಎರಡನೆಯದು. ಮನೆಗೆ ನಾಲ್ಕು ಗಿಡ. ಮನೆಯಲ್ಲಿ ಇಬ್ಬರಿರಲಿ, ಹತ್ತು ಜನರಿರಲಿ, ನಾಲ್ಕೇ. ಪಕ್ಕದ ಕ್ವಿಬೆಕ್ ಪ್ರಾಂತ್ಯ ಆ ನಾಲ್ಕೂ ಬೇಡ ಅಂದಿತು. 2023ರಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ಆಗಲಿ ಅಂದಿತು. ಅಂದರೆ ಪ್ರಾಂತ್ಯದ ಗಡಿಯ ಈಚೆಗೆ ತೋಟಗಾರಿಕೆ ಅನ್ನಿಸಿಕೊಳ್ಳುವುದು, ಆಚೆಗೆ ಅಪರಾಧ.

ನಮ್ಮ ಪಕ್ಕದ ಮನೆಯ ಯಜಮಾನರು ನಿವೃತ್ತ ಬಸ್ ಡ್ರೈವರು. ಹಿಮ ಬೀಳಲಿ, ಮಳೆ ಸುರಿಯಲಿ, ಹೊತ್ತಿಗೆ ಸರಿಯಾಗಿ ಬಸ್ಸು ಬಿಟ್ಟವರು. ನಿವೃತ್ತಿಯಾದ ಮೇಲೆ ನೆಲಮಾಳಿಗೆಯಲ್ಲೊಂದು ಕಪ್ಪು ಟೆಂಟು ಹಾಕಿ, ಎಲ್‌ಇಡಿ ದೀಪ ಇಳಿಬಿಟ್ಟು, ಫ್ಯಾನು ತಿರುಗಿಸಿ, ಕಾನೂನಿನ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಸಸಿ ತಂದಿಟ್ಟರು. ಬೀಜದಿಂದ ಎದ್ದವಲ್ಲ, ಒಂದೇ ತಾಯಿಗಿಡದಿಂದ ಕತ್ತರಿಸಿ ಬೇರು ಬರಿಸಿದ ಕಡ್ಡಿಗಳು. ಇಲ್ಲಿ ಇವಕ್ಕೆ ಕ್ಲೋನ್ ಎನ್ನುತ್ತಾರೆ. ನಮ್ಮೂರಲ್ಲಿ ಕಾಂಪೌಂಡಿನ ಮೇಲಿಂದ ಕೈ ಚಾಚಿ ದಾಸವಾಳದ ಕಡ್ಡಿ ಮುರಿದುಕೊಂಡು ಹೋಗುವವರು ಮಾಡುವುದೂ ಇದೇ ವಿಜ್ಞಾನವೇ. ನಮ್ಮನ್ನು ಕೇಳದೆ ಮಾಡುತ್ತಾರೆ, ಅಷ್ಟೆ.

ಸಸಿಗಳು ಬಾಡತೊಡಗಿದ ಮೇಲೆ ಯಜಮಾನರು ಬಂದು ನಮ್ಮ ಮನೆ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಖಾಲಿ ಚೀಲ. ಚೀಲದ ಮೇಲೆ ತೆಂಗಿನಮರದ ಚಿತ್ರ, ಕೆಳಗೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಅಚ್ಚು. ನಾನು ತೆಂಗಿನ ಸೀಮೆಯವನು ಎಂದು ಎಂದೋ ಬೇಲಿಯ ಬಳಿ ನಿಂತು ಹೇಳಿದ್ದು ಅವರ ನೆನಪಿನಲ್ಲಿತ್ತು. ‘ನಿಮ್ಮೂರ ಮಣ್ಣಿನಲ್ಲಿ ನನ್ನ ಗಿಡ ಸಾಯುತ್ತಿದೆ’ ಎಂಬರ್ಥದ ಮಾತಾಡಿದರು. ದೂರೋ ಬೇಡಿಕೆಯೋ ತಿಳಿಯಲಿಲ್ಲ.

ಅದು ಮಣ್ಣಲ್ಲ, ಮಟ್ಟೆ. ನಾನು ತಿಪಟೂರು ಕಡೆಯವನು. ನಮ್ಮಲ್ಲಿ ತೆಂಗಿನಕಾಯಿಯ ಮಟ್ಟೆಗಿದ್ದ ಘನವಾದ ಉಪಯೋಗ ಅಂದರೆ ಬಚ್ಚಲೊಲೆ ಉರಿಸುವುದು. ಕೊಬ್ಬರಿಗೆ ಇದ್ದ ಮರ್ಯಾದೆಯಲ್ಲಿ ನೂರಕ್ಕೊಂದು ಪಾಲೂ ಮಟ್ಟೆಗಿರಲಿಲ್ಲ. ನಾರಿನ ಕಾರ್ಖಾನೆಯವರು ಲಾರಿಯಲ್ಲಿ ಒಯ್ದು ನಾರು ತೆಗೆದುಕೊಂಡ ಮೇಲೆ ಉಳಿದ ಕಂದು ಪುಡಿ ರಸ್ತೆ ಪಕ್ಕ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಗಾಳಿ ಎದ್ದರೆ ಬಸ್ಸಿನವರೆಲ್ಲ ಕಿಟಕಿ ಎಳೆದುಕೊಳ್ಳಬೇಕು. ಆ ಪುಡಿಯೇ ಈಗ ಕೋಕೋಪೀಟ್. ಒಣಗಿಸಿ, ಒತ್ತಿ, 5 ಕೆಜಿಯ ಇಟ್ಟಿಗೆ ಮಾಡಿ ಹಡಗು ಹತ್ತಿಸುತ್ತಾರೆ. ನೀರು ಕುಡಿಸಿದರೆ ಆ ಇಟ್ಟಿಗೆ ಉಬ್ಬಿ ಸುಮಾರು 70 ಲೀಟರಿನಷ್ಟಾಗುತ್ತದೆ. ತೋಟದ ಕೆಲಸ ತಪ್ಪಿಸಿಕೊಳ್ಳಲೆಂದೇ ಎಂಜಿನಿಯರಿಂಗ್ ಓದಿ, ಅರ್ಧ ಭೂಮಿ ದಾಟಿ ಬಂದವನು ನಾನು. ಮಟ್ಟೆ ಅಲ್ಲಿಗೂ ನನ್ನ ವಿಳಾಸ ಹುಡುಕಿಕೊಂಡು ಬಂದು, ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಕುಂಡ ತುಂಬಿ ಕೂತಿತ್ತು.

ರೋಗಿಗಳನ್ನು ನೋಡಲು ಹೋದೆ. ಗೇಣುದ್ದದ ಸಸಿಗಳು. ಕೆಳಗಿನ ಹಳೆಯ ಎಲೆಗಳಲ್ಲಿ ನರ ಮಾತ್ರ ಹಸಿರು, ನರಗಳ ನಡುವೆಲ್ಲ ಹಳದಿ. ಮೇಲಿನ ಎಳೆಯ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ. ತುದಿಗಳು ಸುಟ್ಟು ಕೆಳಕ್ಕೆ ಮುರುಟಿದ್ದವು. ಕುಂಡದ ಅಂಚಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಒಂದು ಹಿಡಿ ನಾರುಪುಡಿ ತೆಗೆದು ಹಿಂಡಿದೆ. ನೀರು ಬೆರಳ ಸಂದಿಯಿಂದ ಧಾರೆಯಾಗಿ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾದದ್ದು, ನಾಲ್ಕಕ್ಕೂ ಒಂದೇ ಕಾಯಿಲೆ. ಒಂದೇ ತಾಯಿಯ ಅಚ್ಚು ಪ್ರತಿಗಳು ಇವು. ಒಂದು ಮಾತ್ರ ಸೊರಗಿದ್ದರೆ ಆ ಕುಂಡದಲ್ಲಿ ಏನೋ ಆಗಿದೆ ಅನ್ನಬಹುದಿತ್ತು. ನಾಲ್ಕೂ ಒಟ್ಟಿಗೆ ಸೊರಗಿದವೆಂದರೆ ನೀರನ್ನೋ ನಾರನ್ನೋ ತಾಯಿಯನ್ನೋ ವಿಚಾರಿಸಬೇಕು.

ವಿಚಾರಣೆಗೆ ನನಗಿಂತ ಮೊದಲೇ ಬಂದವನು ತೋಟದ ಸಾಮಾನು ಮಾರುವ ಅಂಗಡಿಯ ಹುಡುಗ. ಯಾವ ಗಿಡದ ಯಾವ ಫೋಟೋ ತೋರಿಸಿದರೂ ಅವನ ಬಾಯಿಂದ ಬರುವುದು ಒಂದೇ ಮಾತು: ಕ್ಯಾಲ್‌ಮ್ಯಾಗ್. ಅಂದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಬೆರೆಸಿದ ಬಾಟಲಿ. ಫೋಟೋ ತಲೆಕೆಳಗಾಗಿದ್ದರೂ ಕ್ಯಾಲ್‌ಮ್ಯಾಗ್. ನಗುವ ಹಾಗಿಲ್ಲ, ಅವನ ಮಾತಿನಲ್ಲಿ ಹುರುಳಿತ್ತು. ತೆಂಗಿನ ನಾರುಪುಡಿಗೆ ಹುಟ್ಟಿನಿಂದಲೇ ಪೊಟ್ಯಾಸಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಂಡರೆ ಅದು ಹಳೆಯವನ್ನು ಹೊರಗೆ ತಳ್ಳಿ ಹೊಸವನ್ನು ಒಳಗೆ ಕೂರಿಸಿಕೊಳ್ಳುತ್ತದೆ. ಗಿಡಕ್ಕೆಂದು ಬಡಿಸಿದ್ದನ್ನು ಕುಂಡವೇ ಉಂಡುಬಿಡುತ್ತದೆ. ಒಳ್ಳೆಯ ತಯಾರಕರು ಈ ಪುಡಿಯನ್ನು ಮೊದಲು ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ, ಅದರ ಹೊಟ್ಟೆ ತುಂಬಿಸಿಯೇ ಕಳಿಸುತ್ತಾರೆ. ಅಗ್ಗದ ಇಟ್ಟಿಗೆಗಳು ಹಸಿದ ಹೊಟ್ಟೆಯಲ್ಲೇ ಹಡಗಿಳಿಯುತ್ತವೆ.

ಯಜಮಾನರು ಇನ್ನೊಂದು ಸಾಹಸ ಮಾಡಿದ್ದರು. ಗಿಡಗಳಿಗೆ ಶುದ್ಧ ನೀರೇ ಆಗಬೇಕೆಂದು ಆರ್‌ಓ ಯಂತ್ರ ಕೂರಿಸಿದ್ದರು. ಒಂಟಾರಿಯೊ ಸರೋವರದಿಂದ ನಲ್ಲಿಗೆ ಬರುವ ನೀರಿನಲ್ಲಿ ಕ್ಯಾಲ್ಸಿಯಂ ತಕ್ಕಮಟ್ಟಿಗೆ ಇದ್ದೇ ಇದೆ. ಅದನ್ನು ದುಡ್ಡು ಕೊಟ್ಟು ಒಂದು ಯಂತ್ರದಿಂದ ತೆಗೆಸಿ, ಮತ್ತೆ ದುಡ್ಡು ಕೊಟ್ಟು ಬಾಟಲಿಯಲ್ಲಿ ತಂದು ಸುರಿಯುತ್ತಿದ್ದರು. ಎರಡೂ ಸಾಮಾನು ಒಂದೇ ಅಂಗಡಿಯವು.

ಎರಡನೆಯ ವೈದ್ಯ ನನ್ನ ಸ್ನೇಹಿತ, ನಮ್ಮ ಹಾಸನದ ಕಡೆಯವನೇ. ಕಾರಿನ ಬಿಡಿಭಾಗ ಮಾಡುವಲ್ಲಿ ಗುಣಮಟ್ಟ ನೋಡುವ ಕೆಲಸ. ಅಳತೆಗೆ ಸಿಗದ ವಸ್ತು ಪ್ರಪಂಚದಲ್ಲಿಲ್ಲ ಎಂದು ನಂಬಿದವನು. ಪಿಎಚ್ ಮೀಟರು, ಉಪ್ಪಿನಂಶ ಅಳೆಯುವ ಮೀಟರು ಎರಡನ್ನೂ ಜೇಬಿನಿಂದ ತೆಗೆದ. ನಾರುಪುಡಿಯಲ್ಲಿ ಬೆಳೆಯುವ ಗಿಡಕ್ಕೆ ಪಿಎಚ್ 5.8ರಿಂದ 6.2ರೊಳಗೆ ಇರಬೇಕು ಎಂದು ಉಪನ್ಯಾಸ ಕೊಟ್ಟ. ಅದು ನಿಜ, ಅದಕ್ಕಿಂತ ತೀರ ಹೆಚ್ಚಾದರೆ ಕಬ್ಬಿಣ, ಮ್ಯಾಂಗನೀಸು ಕುಂಡದಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಮೇಲೆ ಯಜಮಾನರ ಮೀಟರನ್ನು ಪರೀಕ್ಷಿಸಿದ. 7 ತೋರಿಸಬೇಕಾದ ದ್ರಾವಣದಲ್ಲಿ ಅದ್ದಿದರೆ ಅದು ಬೇರೇನನ್ನೋ ತೋರಿಸಿತು. ಮೀಟರಿನ ಗಾಜಿನ ತುದಿ ಒಣಗಿದರೆ ಅದು ಧೈರ್ಯವಾಗಿ ಸುಳ್ಳು ಹೇಳುತ್ತದಂತೆ. ಕೈಯಲ್ಲಿ ಮೀಟರಿದ್ದ ಮೇಲೆ ಸುಮ್ಮನಿರಲಾಗದೆ ನಮ್ಮ ಮನೆಯ ಫಿಲ್ಟರ್ ಕಾಫಿಗೂ ಅದ್ದಿದ. 5ರ ಆಸುಪಾಸು ಬಂತು. ಗಾಂಜಾಕ್ಕೆ ಹುಳಿ ಹೆಚ್ಚಾಯಿತು, ಮನುಷ್ಯರಿಗೆ ನಡೆಯುತ್ತದೆ ಎಂದು ತೀರ್ಪಿತ್ತು ಕುಡಿದ.

ಅವನಿಂದ ಒಂದು ಉಪಕಾರವಂತೂ ಆಯಿತು. ಕುಂಡದ ತಳದಿಂದ ಬಸಿದ ನೀರನ್ನು ಹಿಡಿದು ಅಳೆದ. ಮೇಲೆ ಸುರಿದದ್ದಕ್ಕಿಂತ ಕೆಳಗೆ ಬಂದದ್ದರಲ್ಲಿ ಉಪ್ಪು ಎಷ್ಟೋ ಪಾಲು ಹೆಚ್ಚಿತ್ತು. ಬಿಳಿ ಅಂಚಿನ ಕಥೆ ಅಲ್ಲಿಗೆ ಬಿಚ್ಚಿಕೊಂಡಿತು. ಯಜಮಾನರು ಚೆಲ್ಲಬಾರದೆಂದು ಲೋಟದಲ್ಲಿ ಅಳೆದು ಅಳೆದು ನೀರು ಹಾಕುತ್ತಿದ್ದರು. ಹಾಗಾಗಿ ಕೆಳಗೆ ಒಂದು ಹನಿಯೂ ಬಸಿಯದೆ ಗೊಬ್ಬರದ ಉಪ್ಪೆಲ್ಲ ಕುಂಡದಲ್ಲೇ ಠೇವಣಿಯಾಗಿ ಉಳಿದಿತ್ತು.

ಮೂರನೆಯ ವೈದ್ಯ ಯಜಮಾನರ ಅಳಿಯ. ಅವನು ಬಂದವನೇ ‘ಎಲ್ಲ ತಾಯಿಯಿಂದ ಬಂದದ್ದು’ ಅಂದ. ಮೆಟ್ಟಿಲ ಮೇಲೆ ಅವನ ಅತ್ತೆ ನಿಂತಿದ್ದರು. ಅಳಿಯಂದಿರು ಮೊದಲು ತಾಯಿಯ ಮೇಲೆ ಅನುಮಾನ ಪಡುವುದು ಎಲ್ಲ ದೇಶದಲ್ಲೂ ಇರಬೇಕು. ಅವನು ಹೇಳಿದ್ದು ತಾಯಿಗಿಡದ ವಿಷಯ ಎಂದು ಅತ್ತೆಗೆ ಸಮಾಧಾನ ಹೇಳುವ ಹೊತ್ತಿಗೆ ಎಲ್ಲರ ಕಾಫಿಯೂ ಆರಿತ್ತು. ಅವನ ಭಯ ಸುಳ್ಳಲ್ಲ. ಹಾಪ್ ಲೇಟೆಂಟ್ ವೈರಾಯ್ಡ್ ಎಂಬುದೊಂದಿದೆ. ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಯೂ ಗಾಂಜಾವೂ ಒಂದೇ ಕುಟುಂಬದವು. ಆ ನಂಟಿನ ಮೇಲೆ ಕಾಯಿಲೆಯೂ ಹಂಚಿಕೆಯಾಗಿದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾ ಗಿಡಗಳಲ್ಲಿ ಇದು ಪತ್ತೆಯಾಯಿತು. ಇದು ವೈರಸ್ಸಿಗಿಂತ ಚಿಕ್ಕದು. ಮೈಮೇಲೆ ಪ್ರೋಟೀನಿನ ಅಂಗಿಯೂ ಇಲ್ಲದ, 256 ಅಕ್ಷರಗಳಷ್ಟೇ ಉದ್ದದ ಒಂದು ಆರ್‌ಎನ್‌ಎ ಉಂಗುರ. ನಮ್ಮ ದೊಡ್ಡಪ್ಪ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯವೇ ಇದಕ್ಕಿಂತ ಉದ್ದ. ಎರಡೂ ಹರಡುವುದು ಮಾತ್ರ ಒಂದೇ ವೇಗದಲ್ಲಿ. ತಾಯಿಗಿಡಕ್ಕೆ ತಗುಲಿದ್ದರೆ ಕತ್ತರಿಯ ಅಲಗಿನ ಮೂಲಕ ಕಡ್ಡಿಕಡ್ಡಿಗೂ ದಾಟುತ್ತದೆ. ಕಣ್ಣಿಗೆ ಕಾಣದು, ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯೇ ಆಗಬೇಕು. ಅಳಿಯನಾದರೋ ಬರಿಗಣ್ಣಿನಲ್ಲೇ ಕಂಡುಹಿಡಿದಿದ್ದ.

ಇಷ್ಟು ಹೊತ್ತಿಗೆ ಊರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು. ‘ಎಲ್ಲಿದೀಯೋ, ಕತ್ತಲೆ ಕೋಣೆ ಇದ್ದಂಗಿದೆ’ ಅಂದಳು. ಪಕ್ಕದ ಮನೆಯವರ ಗಿಡಕ್ಕೆ ಹುಷಾರಿಲ್ಲ ಎಂದು ಫೋನು ತಿರುಗಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

‘ಭಂಗಿ ಸೊಪ್ಪಲ್ವೇನೋ ಅದು? ಜಾತ್ರೇಲಿ ಬೈರಾಗಿಗಳು ಸೇದೋದು?’

ಹೌದಮ್ಮ, ಇಲ್ಲಿ ಸರ್ಕಾರವೇ ಬಿಟ್ಟಿದೆ ಅಂದೆ.

‘ಸರ್ಕಾರ ಬಿಟ್ಟಿದೆ ಅಂತ ನೀನೇನೂ ಹಿಡ್ಕೋಬೇಡ. ಕರಿಬೇವಿಗೆ ಹಾಕ್ತೀವಲ್ಲ, ಹುಳಿ ಮಜ್ಜಿಗೆ, ನೀರು ಬೆರೆಸಿ ಒಂದು ಚೊಂಬು ಹಾಕೋಕೆ ಹೇಳು. ಮತ್ತೆ ದಿನಾ ಬೇರು ಕಿತ್ತು ನೋಡೋರು ಯಾರು ಅಲ್ಲಿ? ಆ ಗಿಡ ವಾಲಿರೋದು ನೋಡು.’

ಸ್ನೇಹಿತನ ಕಿವಿ ನೆಟ್ಟಗಾಯಿತು. ಮಜ್ಜಿಗೆ ಹುಳಿ, ಹುಳಿಯಿಂದ ಪಿಎಚ್ ಇಳಿಯುತ್ತದೆ, ಅಮ್ಮನ ತರ್ಕ ತನ್ನದೇ ಎಂದ. ಆದರೆ ಗಾಳಿಯಾಡದ ನೆಲಮಾಳಿಗೆಯಲ್ಲಿ ಮಜ್ಜಿಗೆ ಸುರಿದರೆ ಮನೆ ಬಿಡಬೇಕಾದವರು ಯಜಮಾನರೇ ಎಂದು ತಡೆದೆ. ಬೇರು ಕಿತ್ತು ನೋಡುವ ಪ್ರಶ್ನೆಗೆ ಯಜಮಾನರು ಉತ್ತರ ಕೊಡಲಿಲ್ಲ; ಉಗುರಿನ ಸಂದಿಯ ಕಂದು ಪುಡಿ ಕೊಟ್ಟಿತು.

ನಿಜವಾದ ತೊಂದರೆ ಇದ್ದದ್ದು ಮದ್ದುಗಳ ಸಾಲಿನಲ್ಲಿ. ಕಪಾಟಿನ ಮೇಲೆ ಬಾಟಲಿಗಳ ದಸರಾ ಗೊಂಬೆ ಕೂರಿಸಿದ್ದರು. ಸೋಮವಾರ ಅಂಗಡಿ ಹುಡುಗನ ಮದ್ದು, ಮಂಗಳವಾರ ಪಿಎಚ್ ಇಳಿಸುವ ಆಮ್ಲ, ಬುಧವಾರ ಬೇರಿನ ಟಾನಿಕ್ಕು. ಎಲೆ ಹಸಿರಾಗಲಿಲ್ಲ ಎಂದು ಗುರುವಾರ ಎಲ್ಲದರ ಎರಡರಷ್ಟು. ಯಾವ ಸಲಹೆಗಾರನೂ ಅವರಿಗೆ ಹೇಳದೆ ಬಿಟ್ಟ ಒಂದು ಸಂಗತಿ ಇದೆ: ಒಮ್ಮೆ ಚುಕ್ಕೆ ಬಿದ್ದು ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಮದ್ದು ಸರಿಯಾಗಿಯೇ ನಾಟಿದ್ದರೂ ಆ ಎಲೆ ಹಾಗೆಯೇ ಇರುತ್ತದೆ. ಅದು ಕಳೆದ ವಾರದ ವರದಿ. ಗಿಡ ಚೇತರಿಸಿತೇ ಎಂದು ತಿಳಿಯಬೇಕಾದರೆ ತುದಿಯಲ್ಲಿ ಹೊಸದಾಗಿ ಬಿಚ್ಚುವ ಎಲೆಯನ್ನು ಕಾಯಬೇಕು. ಕಾಯುವುದಕ್ಕೆ ಯಾವ ಅಂಗಡಿಯಲ್ಲೂ ಬಾಟಲಿ ಇಲ್ಲ.

ಕೊನೆಗೆ ಆದದ್ದಿಷ್ಟು. ಆರ್‌ಓ ಯಂತ್ರ ಅಡುಗೆಮನೆಗೆ ಹೋಯಿತು. ನಲ್ಲಿ ನೀರಿಗೆ ತೆಳುವಾಗಿ ಗೊಬ್ಬರ, ಕ್ಯಾಲ್ಸಿಯಂ ಬೆರೆಸಿ, ಪಿಎಚ್ ಸರಿಮಾಡಿ, ತಳದಿಂದ ಧಾರಾಳ ಬಸಿಯುವಷ್ಟು ಸುರಿದು ಹಳೆಯ ಉಪ್ಪು ತೊಳೆದರು. ಆಮೇಲೆ ಕುಂಡ ಎತ್ತಿ ನೋಡಿ ಹಗುರಾದಾಗ ಮಾತ್ರ ನೀರು, ಪ್ರತಿ ಸಲವೂ ಹತ್ತರಲ್ಲಿ ಒಂದೆರಡು ಪಾಲು ಕೆಳಗೆ ಬಸಿಯುವಷ್ಟು. ಬೇರು ಮುಟ್ಟುವುದಕ್ಕೆ ನಿಷೇಧ. ಟೆಂಟಿನ ಜಿಪ್ಪು ದಿನಕ್ಕೊಮ್ಮೆ ಮಾತ್ರ ತೆರೆಯತಕ್ಕದ್ದು ಎಂದು ಅವರ ಹೆಂಡತಿಯ ಆಜ್ಞೆ. ಹಳೆಯ ಎಲೆಗಳು ಚುಕ್ಕೆ ಹೊತ್ತುಕೊಂಡೇ ಉದುರಿದವು. ಹೊಸ ಎಲೆಗಳು ಹಸಿರಾಗಿ ಬಿಚ್ಚಿದವು.

ಯಶಸ್ಸಿಗೆ ವಾರಸುದಾರರು ಕಡಿಮೆಯಾಗಲಿಲ್ಲ. ಅಂಗಡಿ ಹುಡುಗ ಕ್ಯಾಲ್‌ಮ್ಯಾಗ್ ಅಂದ. ಸ್ನೇಹಿತ ಮೀಟರು ಒರೆಸುತ್ತ ನಕ್ಕ. ಅಳಿಯ, ವೈರಾಯ್ಡ್ ಹೀಗೇ ಸುಳಿವು ಕೊಡದೆ ಅಡಗಿರುತ್ತದೆ ಎಂದು ಎಚ್ಚರಿಸಿದ. ಅಮ್ಮ ಈಗಲೂ ಅಲ್ಲಿ ಮಜ್ಜಿಗೆ ಹಾಕಿದ್ದಾರೆ ಎಂದೇ ತಿಳಿದಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ಬೆಂಗಳೂರಿನ ತಾರಸಿಯಲ್ಲಿ ಕೋಕೋಪೀಟ್ ತುಂಬಿ ಗುಲಾಬಿ ಕಡ್ಡಿ, ಟೊಮೆಟೊ, ಕರಿಬೇವು ಇಟ್ಟುಕೊಂಡಿರುವವರಿಗೂ ಈ ವೈದ್ಯ ನಡೆಯುತ್ತದೆ: ಪುಡಿಯನ್ನು ಮೊದಲು ನೆನೆಸಿ ತೊಳೆಯಿರಿ, ನೀರು ಬಸಿಯಲು ಬಿಡಿ, ಒಂದು ಸಲಕ್ಕೆ ಒಂದೇ ಮದ್ದು ಕೊಡಿ, ಹೊಸ ಎಲೆ ನೋಡಿ ಮಾತಾಡಿ. ಗಾಂಜಾ ಕಡ್ಡಿಯನ್ನು ಮಾತ್ರ ನೆಡಬೇಡಿ. ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಮಿನ ಪ್ರಕಾರ ಅದನ್ನು ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಗಿಡ ಆರೋಗ್ಯವಾಗಿತ್ತೋ ಸೊರಗಿತ್ತೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.