ಜೇಡದೂರ ಮೀಮಾಂಸೆ

ತೋಟದ ದೊಡ್ಡ ಜೇಡದ ಫೋಟೊವನ್ನು ಎಷ್ಟು ದೂರದಿಂದ ತೆಗೆಯತಕ್ಕದ್ದು? ಹತ್ತಿರ ಹೋಗುವವನು ಧೀರ, ದೂರ ನಿಲ್ಲುವವನು ಪುಕ್ಕಲ ಎಂಬ ಮತ ಲೋಕದಲ್ಲಿ ಬೇರೂರಿದೆ. ಇದು ಕೇವಲ ಪೂರ್ವಪಕ್ಷ. ದೂರ ನಿಲ್ಲುವುದು ಅಂಜಿಕೆಯಿಂದಲ್ಲ, ದೃಗ್ವಿಜ್ಞಾನದ ಅಪ್ಪಣೆಯಿಂದ ಎಂಬುದು ನಮ್ಮ ಸಿದ್ಧಾಂತ. ಅಂಜಿಕೆಯೂ ಕರಾರುವಾಕ್ಕಾಗಿ ಅದೇ ದೂರವನ್ನು ಸೂಚಿಸುತ್ತದೆಂಬುದು ಕಾಕತಾಳೀಯ. ಎರಡು ಸ್ವತಂತ್ರ ಪ್ರಮಾಣಗಳು ಒಂದೇ ನಿರ್ಣಯಕ್ಕೆ ಬಂದರೆ ನಿರ್ಣಯ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಮೊದಲು ಗಣಿತ. ಮಲೆನಾಡಿನ ಕಾಡಂಚಿನಲ್ಲಿ ಹೊಂಬಣ್ಣದ ಎಳೆಯಿಂದ ಬಲೆ ನೇಯುವ ನೆಫಿಲಾ ಪಿಲಿಪೆಸ್ ಜೇಡದ ಹೆಣ್ಣನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ದೇಹವೇ 3ರಿಂದ 5 ಸೆಂ.ಮೀ.; ಕಾಲು ಚಾಚಿದರೆ 15 ಸೆಂ.ಮೀ. ದಾಟುವುದುಂಟು. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರಿನ ಅಗಲ 36 ಮಿ.ಮೀ. ಮಾತ್ರ. ಧೀರರು ಮೆಚ್ಚುವ 1:1 ಮ್ಯಾಕ್ರೊ ಅಳತೆಯಲ್ಲಿ ಇಂಥ ಜೇಡದ ದೇಹ ಹಿಡಿಸುವುದೇ ಕಷ್ಟ. ಎಂಟು ಕಾಲುಗಳ ಮಾತಂತೂ ದೂರ. ಇಡೀ ಪ್ರಾಣಿ ಚೌಕಟ್ಟಿನೊಳಗೆ ಕೂರಬೇಕಾದರೆ ಬಿಂಬವನ್ನು ಸುಮಾರು ಐದರಲ್ಲೊಂದು ಭಾಗಕ್ಕೆ ಇಳಿಸಬೇಕು. ಲೆನ್ಸಿನ ಸೂತ್ರದ ಪ್ರಕಾರ ಆಗ 100 ಮಿ.ಮೀ. ಲೆನ್ಸಿನವನು ಸುಮಾರು 60 ಸೆಂ.ಮೀ., 400 ಮಿ.ಮೀ. ಲೆನ್ಸಿನವನು ಸುಮಾರು 2.4 ಮೀಟರ್ ದೂರದಲ್ಲಿರಬೇಕು. ಅಂದಮೇಲೆ ಜೇಡ ದೊಡ್ಡದಾದಷ್ಟೂ ಹಿಂದೆ ಸರಿಯುವುದು ಹೇಡಿತನವಲ್ಲ, ಭಾಗಾಕಾರ.

'ದೂರದ ಬೆಟ್ಟ ನುಣ್ಣಗೆ' ಎಂದಿಲ್ಲವೇ, ದೂರದಿಂದ ತೆಗೆದರೆ ಕಾಲಿನ ರೋಮಗಳು ಅಳಿಸಿಹೋಗುವುದಿಲ್ಲವೇ ಎಂದು ಕೇಳಬಹುದು. ಗಾದೆ ಕಟ್ಟಿದವರ ಕಾಲಕ್ಕೆ ಟೆಲಿಫೋಟೊ ಲೆನ್ಸ್ ಇರಲಿಲ್ಲ. ಬಿಂಬದ ಅಳತೆಯೂ ಅಪರ್ಚರೂ ಒಂದೇ ಆಗಿದ್ದರೆ, ಸ್ಪಷ್ಟವಾಗಿ ಕಾಣುವ ಆಳ ಉದ್ದ ಲೆನ್ಸಿನಲ್ಲೂ ಗಿಡ್ಡ ಲೆನ್ಸಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೇಲಾಗಿ ಉದ್ದ ಲೆನ್ಸ್ ಹಿನ್ನೆಲೆಯ ಸಣ್ಣ ತುಂಡನ್ನಷ್ಟೇ ಒಳಗೆ ಬಿಟ್ಟುಕೊಳ್ಳುವುದರಿಂದ, ಒಣಗಲು ಹಾಕಿದ ಲುಂಗಿ ಚಿತ್ರದಲ್ಲಿ ಭಾಗವಹಿಸುವ ಸಂಭವ ಕಡಿಮೆ. ಎಷ್ಟೋ ಮೊಬೈಲಿನವರಿಗೆ ಈ ಸೌಕರ್ಯವಿಲ್ಲವಲ್ಲ ಎಂದರೆ, ಅವರು ಎರಡು ಮೀಟರ್ ದೂರದಿಂದಲೇ ಕ್ಲಿಕ್ಕಿಸಿ, ಬಂದ ಕಪ್ಪು ಚುಕ್ಕೆಗೆ 'ಜೇಡ ಮತ್ತು ಅದರ ಪರಿಸರ' ಎಂದು ಶೀರ್ಷಿಕೆ ಕೊಡತಕ್ಕದ್ದು.

ಇನ್ನು ಪ್ರತಿವಾದಿಯ ಬ್ರಹ್ಮಾಸ್ತ್ರ: ಈ ಜೇಡಗಳ ವಿಷ ಮನುಷ್ಯನಿಗೆ ಅಪಾಯಕಾರಿಯಲ್ಲ, ಅವಕ್ಕೆ ಕಣ್ಣೂ ಅಷ್ಟು ಚುರುಕಿಲ್ಲ, ಕಾಣದ ಪ್ರಾಣಿಗೆ ಹೆದರುವುದೇಕೆ? ಎರಡು ಮಾತೂ ನಿಜ, ನಿಜವಾದ್ದರಿಂದಲೇ ನಮಗೆ ಅನುಕೂಲ. ಬಲೆ ನೇಯುವ ಜೇಡಕ್ಕೆ ಲೋಕದ ಸುದ್ದಿ ಮುಟ್ಟುವುದು ಎಳೆಗಳ ಕಂಪನದಿಂದ. ಬಲೆಯ ನಡುವೆ ಅಂಕುಡೊಂಕು ಪಟ್ಟಿ ನೇಯುವ ಆರ್ಜಿಯೋಪೆ ಜೇಡವನ್ನು ಕೆಣಕಿದರೆ ಅದು ಬಲೆಯನ್ನೇ ಗಡಗಡ ಅಲುಗಿಸುತ್ತದೆ, ಇಲ್ಲವೆ ಕೆಳಗೆ ಬಿದ್ದು ಮಾಯವಾಗುತ್ತದೆ. ವಿಷ ನಿರಪಾಯಕಾರಿ ಎಂಬ ಜ್ಞಾನ ಇರುವುದು ತಲೆಯಲ್ಲಿ; ಕ್ಯಾಮೆರಾ ಇರುವುದು ಕೈಯಲ್ಲಿ. ಈ ಸುದ್ದಿ ತಲೆಯಿಂದ ಕೈಗೆ ಇಳಿಯುವ ಮೊದಲೇ ಕೈ ನಡುಗಿ ಎಲೆಗೆ ತಾಗುತ್ತದೆ, ಎಲೆ ಎಳೆಯನ್ನು ಮೀಟುತ್ತದೆ, ಚಿತ್ರ ಕಲಸಿಹೋಗುತ್ತದೆ. ಫೋಟೊಗ್ರಾಫರನ ನೆಮ್ಮದಿ ಜೇಡದ ನೆಮ್ಮದಿಗೆ ಕಾರಣ, ಜೇಡದ ನೆಮ್ಮದಿ ಚಿತ್ರದ ಸ್ಪಷ್ಟತೆಗೆ ಕಾರಣ ಎಂಬ ಕಾರಣಪರಂಪರೆ ಇದರಿಂದ ಸಿದ್ಧವಾಯಿತು.

ಶಿಷ್ಟಾಚಾರವೂ ನಮ್ಮ ಪರವಾಗಿದೆ. ಹೆಣ್ಣು ನೆಫಿಲಾದ ಬಲೆಯ ಅಂಚಿನಲ್ಲೇ ಕೆಲವೇ ಮಿ.ಮೀ. ಉದ್ದದ ಗಂಡು ವಾಸಿಸುತ್ತದೆ. ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ ತಜ್ಞನಿಲ್ಲ. ಆ ತಜ್ಞನೂ ಅಂಚಿನಲ್ಲಿ ಕಾದಿದ್ದು, ಹೆಣ್ಣು ಊಟದಲ್ಲಿ ಮಗ್ನವಾಗಿರುವಾಗ ಹತ್ತಿರ ಸರಿಯುವುದುಂಟು. ಸ್ವಂತ ಮನೆಯವನೇ ಪಾಲಿಸುವ ಅಂತರವನ್ನು ಹೊರಗಿನವನು ಉಲ್ಲಂಘಿಸುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಒಂದು ಆಕ್ಷೇಪ ಮಾತ್ರ ಪ್ರಬಲವಾದದ್ದು. ನೆಫಿಲಾ ಬಲೆಗಳು ಒಂದರ ಹತ್ತಿರ ಇನ್ನೊಂದು ಇರುವುದುಂಟು. ಹಿಂದೆ ಹಿಂದೆ ಸರಿಯುವವನ ಬೆನ್ನಿಗೆ ಮತ್ತೊಂದು ಬಲೆ ಕಾದಿದ್ದರೆ? ಉತ್ತರ ಹೀಗಿದೆ: ಎರಡು ಬಲೆಗಳ ನಡುವೆ ಸಿಕ್ಕವನು ಸರಿಯಾಗಿ ಮಧ್ಯದಲ್ಲಿ ನಿಂತು, ಆ ದೂರಕ್ಕೆ ತಕ್ಕ ಲೆನ್ಸ್ ಹಾಕಿಕೊಳ್ಳತಕ್ಕದ್ದು. ಪಕ್ಕದಲ್ಲಿ ಮೂರನೆಯದೂ ಕಂಡರೆ ಅದು ಓಟದ ಶಾಸ್ತ್ರಕ್ಕೆ ಸೇರಿದ ವಿಷಯ. ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.